ಅಕ್ಕನ ಪೇಜು ನಡೆಸಿದವರು

ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ತಮ್ಮ ಮನೆಯ ತಾರಸಿಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಕೆಳಗಿನ ರಸ್ತೆಗೆ ಬಿಡುತ್ತಿದ್ದರು. ಸಿಟ್ಟು ಸೆಡವು ಏನೂ ಇರಲಿಲ್ಲ. ಎರಡು ಕೈಯಲ್ಲಿ ಹಿಡಿದು, ಕೆಳಗೆ ಯಾರಾದರೂ ಇದ್ದಾರೇನೋ ಎಂದು ಬಗ್ಗಿ ನೋಡಿ, ಮಟ್ಟಸವಾಗಿ ಬಿಟ್ಟರು. ಬಗ್ಗಿ ನೋಡಿದ್ದು ಸಾಲದೆ ಹೋಯಿತು. ಪೆಟ್ಟಿಗೆ ನನ್ನ ಸ್ಕೂಟರಿನ ಪಕ್ಕದಲ್ಲೇ ಧೊಪ್ಪೆಂದು ಬಿತ್ತು. ನಾನು ಮೂವತ್ತೈದು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ‘ನಿಮ್ಮೋರು ಪಾರ್ಸೆಲ್ ಎಸೀತಾರಂತೆ’ ಎಂಬ ಆಪಾದನೆಯನ್ನು ನೆಂಟರ ಮದುವೆ ಮನೆಗಳಲ್ಲೂ ಕೇಳಿ ಬೇಸತ್ತವನು. ನಾವು ಮೈಸೂರಿನ ದಟ್ಟಗಳ್ಳಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಎದುರು ಮನೆಯವರೊಡನೆ ಜಗಳದಿಂದಲೇ ಪರಿಚಯ ಶುರುವಾಗಲಿ ಎಂದುಕೊಂಡು, "ಏನ್ರೀ ಇದು ಅನ್ಯಾಯ?" ಎಂದು ಕೂಗಿದೆ.

"ಒಂದ್ನಿಮ್ಸ ಸಾರ್, ಮುಟ್ಬುಟ್ಟೀರಿ, ಬಂದೆ!" ಎಂದರು ಮೇಲಿನಿಂದ.

ಬಂದವರು ನನ್ನ ಮುಖವನ್ನೂ ನೋಡದೆ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಟೇಪು ಕೊಯ್ದರು. ಒಳಗಿನಿಂದ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಮೊಣಕಾಲ ಮೇಲೆ ಸಾಲಾಗಿಟ್ಟರು. "ಹನ್ನೊಂದು. ಒಂದು ಓಗದೆ. ಇನ್ನೊಂದ್ ಸುತ್ತು ಕಾಗ್ದ ಬೇಕು" ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ಮೆಟ್ಟಿಲು ಹತ್ತಿದರು. ಎರಡನೆಯ ಸಲ ಬಿದ್ದಾಗ ಹನ್ನೆರಡೂ ಉಳಿದವು. ಆಗ ಎದ್ದು ನಿಂತು ನನಗೆ ಕೈ ಮುಗಿದು, "ಮೇಲಿಂದ ಬಿದ್ರೆ ಉಳೀಬೇಕು ಸಾರ್, ಆಮೇಲೆ ಎಲ್ಲಿಗ್ ಕಳ್ಸಿದ್ರೂ ಉಳೀತದೆ" ಎಂದರು. ನನ್ನ ಜಗಳ ನನ್ನ ಬಾಯಲ್ಲೇ ಉಳಿಯಿತು.

ಕಳೆದ ತಿಂಗಳು ಅವರು ಮನೆ ಖಾಲಿ ಮಾಡಿ ತಮ್ಮ ಊರಿಗೆ ಹೊರಟುಹೋದರು. ಇಲ್ಲೇ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. "ಬುಡಿ ಸಾರ್, ಬರ್ಯೋಕೆ ಇನ್ನೇನೂ ಸಿಕ್ಕಿಲ್ವಾ?" ಎಂದು ನಾಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು.

ಆಳು ಆರಡಿ. ಮೀಸೆಯೇ ಮುಖದ ಅರ್ಧ ಭಾಗ. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ ಪಾಸು ಮಾಡುವ ವಿಭಾಗದಲ್ಲಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡವರು. ಆನ್‌ಲೈನಿನಲ್ಲಿ ಉಡುಗೊರೆ ಮಾರುವ ವ್ಯಾಪಾರ ಅವರದಲ್ಲ, ಹೆಂಡತಿಯದು. ಆಕೆ ಒಂದು ಪೇಜು ಮಾಡಿಕೊಂಡು ಸೀಮಂತಕ್ಕೆ, ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಬಂದವರಿಗೆ ಕೊಡುವ ಸಣ್ಣಪುಟ್ಟ ಸಾಮಾನುಗಳನ್ನು ಚೆಂದವಾಗಿ ಕಟ್ಟಿ ಕಳಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಗೌರಿ ಹಬ್ಬದ ಬಾಗಿನ. ದೂರದ ಊರುಗಳಲ್ಲಿರುವ ಹೆಣ್ಣುಮಕ್ಕಳಿಗೆ ತವರಿನವರು ಹೋಗಿ ಕೊಟ್ಟು ಬರಲಾಗದಿದ್ದರೆ, ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೇಳೆ, ಬೆಲ್ಲ ಎಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ, ಪೆಟ್ಟಿಗೆಗೆ ಹಾಕಿ ಇವರು ಕಳಿಸುತ್ತಿದ್ದರು. ಪೇಜಿನ ಮೇಲುಗಡೆ ‘ಮುತ್ತೈದೆ ಕೈಯಿಂದ ಕಟ್ಟಿದ ಬಾಗಿನ’ ಎಂದು ಆಕೆಯೇ ಬರೆದಿದ್ದರು. ಗಿರಾಕಿಗಳೆಲ್ಲ ಹೆಂಗಸರು, ಎಲ್ಲರಿಗೂ ಆಕೆ ‘ಅಕ್ಕ’. ಗಂಡನದ್ದು ಟೇಪು ಸುತ್ತುವ ಕೆಲಸ.

ಇದೂ ಒಂದು ವ್ಯಾಪಾರವೇ ಎಂದು ನಾನು ಮೊದಮೊದಲು ನಕ್ಕಿದ್ದುಂಟು. ಆಮೇಲೆ ವಿಳಾಸ ನೋಡಿಕೊಡುವ ಕೆಲಸಕ್ಕೆ ನಾನೇ ತಗಲಿಕೊಂಡೆ. ಫೋಟೋದ ಕೆಳಗೆ ಬೆಲೆ ಬರೆದಿದ್ದರೂ ‘ಬೆಲೆ ಎಷ್ಟು?’ ಎಂದು ಕೇಳುವವರು, ಇಪ್ಪತ್ತು ಫೋಟೋ ತರಿಸಿಕೊಂಡು ‘ಮನೇಲಿ ಕೇಳಿ ಹೇಳ್ತೀನಿ’ ಎಂದು ಮಾಯವಾಗುವವರು, ಫೋನಿನಲ್ಲಿ ಕಂಡ ಕೆಂಪು ಬೇರೆ ಬಂದ ಕೆಂಪು ಬೇರೆ ಎಂದು ವಾಪಸ್ಸು ಕಳಿಸುವವರು. ‘ಗಣಪತಿ ದೇವಸ್ಥಾನದ ಹಿಂದೆ, ಹಸಿರು ಗೇಟು’ ಎಂದು ಊರಿನ ಹೆಸರೇ ಇಲ್ಲದೆ ವಿಳಾಸ ಕೊಟ್ಟ ಮಹಾತಾಯಿಯೂ ಒಬ್ಬಳಿದ್ದಳು. ಪಿನ್ ಕೋಡ್ ತಪ್ಪಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಮಾತ್ರ ತಾಳ್ಮೆಯಿಂದ, "ಓಗ್ಲಿ ಬುಡಿ ಸಾರ್, ಗೇಟಿನ್ ಬಣ್ಣನಾದ್ರೂ ಏಳವ್ರಲ್ಲ" ಎನ್ನುತ್ತಿದ್ದರು. ಅವರು ಕಟ್ಟಿದ ರಿಬ್ಬನ್ ಗಂಟು ಬಿಚ್ಚಲು ಕತ್ತರಿಯೇ ಬೇಕು. ಹೆಂಡತಿ ಅದನ್ನು ನೋಡಿ, "ರೀ, ಇದು ಎತ್ತಿಗೆ ಹಾಕೋ ಹಗ್ಗ ಅಲ್ಲ" ಎಂದು ನಗುವುದು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ, ಗೌರಿ ಹಬ್ಬದ ಗದ್ದಲ ಮುಗಿದ ಮೇಲೆ ಆಕೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಾಗಿ, ಅದನ್ನು ಅರ್ಥ ಮಾಡಿಕೊಳ್ಳುವುದು ಗಂಡನೊಬ್ಬರಿಗೇ ಸಾಧ್ಯವಾಯಿತು. ಮಕ್ಕಳಿರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ಆಕೆಯನ್ನು ಸುಮ್ಮನೆ ಮಲಗಲು ಬಿಡಬೇಡಿ, ಮಾತಾಡಿಸುತ್ತಾ ಇರಿ ಎಂದಿದ್ದರಂತೆ. ಪೇಜು ಮುಚ್ಚಿ ಎಂದು ನಾನೂ ಹೇಳಿದೆ, ನೆಂಟರೂ ಹೇಳಿದರು.

"ಮುಚ್ಬುಟ್ರೆ ಇವ್ಳು ಯಾರ್ ಜೊತೆ ಮಾತಾಡ್ತಾಳೆ ಸಾರ್?" ಎಂದು ಕೇಳಿದರು. "ನಾನೇನ್ ಮಾತಾಡಿಸ್ಲಿ, ಊಟ ಆಯ್ತಾ, ಮಾತ್ರೆ ಆಯ್ತಾ, ಅಷ್ಟೇಯ. ಅಲ್ಲಿ ನೂರಾರ್ ಜನ ಅಕ್ಕ ಅಕ್ಕ ಅಂತಾರೆ."

ಹೀಗೆ ಆ ಮೀಸೆಯ ಮನುಷ್ಯ ಅಕ್ಕನಾದರು. ಬೆಳಿಗ್ಗೆ ತಿಂಡಿಯಾದ ಮೇಲೆ ಹೆಂಡತಿಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಬಂದ ಮೆಸೇಜುಗಳನ್ನೆಲ್ಲ ಗಟ್ಟಿಯಾಗಿ ಓದುವರು. ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡು ನಾಲ್ಕೈದು ಮಾತು ಹೇಳುವರು. ಇವರು ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಅದನ್ನು ಬರೆಯುವರು. ಬರೆದದ್ದನ್ನು ಮತ್ತೆ ಓದಿ ಹೇಳಿ, ಆಕೆ ತಲೆಯಾಡಿಸಿದ ಮೇಲೆಯೇ ಕಳಿಸುವರು. ಗಿರಾಕಿಗಳು ಬರೀ ಬಾಗಿನದ ಮಾತಾಡುತ್ತಿರಲಿಲ್ಲ. ಅತ್ತೆಯ ಕಾಟ, ಮಗುವಿಗೆ ಜ್ವರ, ಗಂಡನ ಕುಡಿತ ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಯಾರಾದರೂ ಫೋನ್ ಮಾಡಿದರೆ ಇವರು ಎತ್ತುತ್ತಿರಲಿಲ್ಲ. ‘ಗಂಟಲು ಸರಿಯಿಲ್ಲ ಕಣಮ್ಮ, ಬರೀರಿ’ ಎಂದು ಮೆಸೇಜು ಹೋಗುತ್ತಿತ್ತು. ಅಕ್ಕನ ಗಂಟಲಿಗೆ ಶುಂಠಿ, ಮೆಣಸು, ಜ್ಯೇಷ್ಠಮಧು ಎಂದು ನಾಲ್ಕು ದಿಕ್ಕಿನಿಂದ ಕಷಾಯಗಳ ವಿವರಗಳು ಬಂದು ಬೀಳುತ್ತಿದ್ದವು.

ಒಂದು ದಿನ ಹೆಂಡತಿ ನಿದ್ದೆಯಲ್ಲಿದ್ದಾಗ ಇವರು ತಾವೇ ಒಬ್ಬರಿಗೆ ಉತ್ತರ ಬರೆದುಬಿಟ್ಟರು. ‘ತಮ್ಮ ಸಾಮಾನು ಪರೀಕ್ಷೆಯಾಗಿ ರವಾನೆಯಾಗಿದೆ. ಸ್ವೀಕೃತಿ ತಿಳಿಸುವುದು.’ ಆ ಕಡೆಯಿಂದ ತಕ್ಷಣ, ‘ಅಕ್ಕಾ, ನನ್ನ ಮೇಲೆ ಕೋಪಾನಾ?’ ಎಂದು ಬಂತು. ಎದ್ದ ಮೇಲೆ ಹೆಂಡತಿಗೆ ಒಪ್ಪಿಸಿದರು. ಆಕೆ ಎಡಗೈಯಿಂದ ಇವರ ತಲೆಗೆ ಒಂದು ಮೊಟಕಿದರಂತೆ. ಅದನ್ನು ನನಗೆ ಹೇಳುವಾಗ, ಸಂಬಳ ಜಾಸ್ತಿಯಾದ ಸುದ್ದಿ ಹೇಳುವವರಷ್ಟು ಸಂತೋಷ ಅವರ ಮುಖದಲ್ಲಿತ್ತು. ಆಮೇಲೆಂದೂ ಅವರು ಸ್ವಂತ ಮಾತು ಬರೆಯಲಿಲ್ಲ.

ನನಗೆ ಇದು ಸರಿ ಕಾಣಲಿಲ್ಲ. ಒಂದು ದಿನ ಹೇಳಿಯೇಬಿಟ್ಟೆ. "ಅವರು ಹೆಂಗಸು ಅಂತ ನಂಬಿಕೊಂಡು ಏನೇನೋ ಹೇಳ್ಕೋತಾರೆ. ನೀವು ಗಂಡಸು ಕೂತ್ಕೊಂಡು ಓದ್ತೀರಿ. ಇದು ಮೋಸ ಅಲ್ವೇನ್ರೀ?"

ಅವರು ಟೇಪಿನ ತುದಿ ಹುಡುಕಿ ಉಗುರಿನಿಂದ ಎಬ್ಬಿಸಿದರು. ಆಮೇಲೆ, "ಹಳ್ಳಿ ಕಡೆ ಓದ್ಬರಹ ಬರ್ದೋರಿಗೆ ಪೋಸ್ಟ್‌ಮ್ಯಾನೇ ಕಾಗ್ದ ಓದಿ ಏಳ್ತಿದ್ರಲ್ಲ ಸಾರ್. ಅವ್ರೇ ಬರ್ದೂ ಕೊಡ್ತಿದ್ರು. ಅದು ಮೋಸನಾ?" ಎಂದರು.

ನನ್ನ ಇಲಾಖೆಯನ್ನೇ ಮುಂದೆ ತಂದು ನಿಲ್ಲಿಸಿದರು. ಪೂರ್ತಿ ಒಪ್ಪಿಗೆಯಾಗದಿದ್ದರೂ ವಿಳಾಸದ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡೆ.

ಮುಂದಿನ ಗೌರಿ ಹಬ್ಬ ಬಂತು. ಆಗ ಅವರು ಮಾಡಿದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಬಾಗಿನ ಮುತ್ತೈದೆಯ ಕೈಯಿಂದಲೇ ಹೋಗಬೇಕು, ಪೇಜಿನಲ್ಲಿ ಹಾಗೇ ಬರೆದಿದೆ. ಆದ್ದರಿಂದ ಕಟ್ಟಿದ ಪ್ರತಿಯೊಂದು ಮೊರವನ್ನೂ ಮಂಚದ ಬಳಿ ಒಯ್ದು, ಹೆಂಡತಿಯ ಬಿದ್ದುಹೋದ ಬಲಗೈಯನ್ನು ತಮ್ಮ ಅಂಗೈಯಲ್ಲಿ ಎತ್ತಿ, ಮೊರದ ಮೇಲೆ ಮೆಲ್ಲಗೆ ಇಡುವರು. ಆಕೆ ಒಳಗಿನದನ್ನೆಲ್ಲ ಕಣ್ಣಿನಿಂದಲೇ ತಪಾಸಣೆ ಮಾಡುವರು. ರವಿಕೆ ಕಣದ ಬಣ್ಣ ಒಪ್ಪಿಗೆಯಾಗದಿದ್ದರೆ, ಕನ್ನಡಿಗೆ ಗೀರು ಬಿದ್ದಿದ್ದರೆ, ಎಡಗೈಯಿಂದ ಮೊರವನ್ನು ಅತ್ತ ದೂಡುವರು. ಇವರು ತುಟಿಪಿಟಕ್ಕೆನ್ನದೆ ಬದಲಾಯಿಸಿಕೊಂಡು ಬರುವರು. "ಮೂವತ್ತ್ ವರ್ಷ ಕಂಪ್ನೀಲಿ ಮಾಲ್ ಪಾಸ್ ಮಾಡ್ತಿದ್ದೋನು ನಾನು. ಈಗ ನೋಡಿ, ನಂದೇ ಪಾಸಾಯ್ತಾ ಇಲ್ಲ" ಎಂದು ನಗುತ್ತಿದ್ದರು. ಕೈ ಮುಟ್ಟಿಸಿದ್ದಕ್ಕೆಲ್ಲ ಪೆಟ್ಟಿಗೆಯ ತಳದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು. ಗುರುತಿಲ್ಲದ ಪೆಟ್ಟಿಗೆ ಮನೆಯಿಂದ ಹೊರಗೆ ಹೋಗಲಿಲ್ಲ.

ಆ ವರ್ಷ ಹಬ್ಬಕ್ಕೆ ಆರು ದಿನ ಉಳಿದಿತ್ತು. ನಲವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು ಸಿದ್ಧವಾಗಿದ್ದವು. ಅವರ ನಡುಮನೆಯಲ್ಲಿ ಮಂಚ ಇದ್ದುದರಿಂದ ಜಾಗ ಸಾಲದೆ, ಹಿಂದಿನ ದಿನ ಸಂಜೆಯೇ ಎಲ್ಲವನ್ನೂ ನಮ್ಮ ಮನೆಯ ಜಗಲಿಗೆ ತಂದು ಜೋಡಿಸಿದ್ದೆವು. ಮಧ್ಯಾಹ್ನ ಕೊರಿಯರಿನ ವ್ಯಾನು ಬರುವುದಿತ್ತು. ಬೆಳಿಗ್ಗೆ ಏಳು ಗಂಟೆಗೆ ಅವರು ನಮ್ಮ ಗೇಟಿನ ಹೊರಗೇ ನಿಂತು, "ಸಾರ್, ಓಗ್ಬುಟ್ಳು" ಎಂದರು. ಗಲಾಟೆಯಿಲ್ಲ, ಅಳುವಿಲ್ಲ. ಕಾಫಿ ಕುಡಿಸಲು ತಲೆ ಎತ್ತಿದಾಗ ಗೊತ್ತಾಯಿತಂತೆ.

ನಾನು ಈಗ ಹೇಳುವುದು ನನಗೆ ಹೆಮ್ಮೆ ತರುವ ವಿಷಯವಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ, ನೆಂಟರು ಚಟ್ಟದ ವ್ಯವಸ್ಥೆ ನೋಡುತ್ತಿದ್ದಾಗ, ನಾನು ಅವರನ್ನು ಪಕ್ಕಕ್ಕೆ ಕರೆದೆ. ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವನ ಬುದ್ಧಿ, ಹೊರಡಬೇಕಾದ ಪಾರ್ಸೆಲ್ ಹೊರಡದಿದ್ದರೆ ಚಡಪಡಿಸುತ್ತದೆ.

"ಪೆಟ್ಟಿಗೆ ಎಲ್ಲಾ ನಮ್ಮನೇಲಿವೆ. ನಮಗೆ ಸೂತಕ ಇಲ್ಲ. ಅವರು ಬದುಕಿದ್ದಾಗಲೇ ಕೈ ಮುಟ್ಟಿಸಿರೋದು. ವ್ಯಾನ್ ಬಂದ್ರೆ ನಾನೇ ಕೊಟ್ಟು ಕಳಿಸ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ನಿಮ್ಮನೆಗೆ ಸೂತಕ ಇಲ್ಲ ಸಾರ್. ಕಟ್ಟಿದ್ ಕೈಗೆ ಅದೆ" ಎಂದು ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ ತೋರಿಸಿದರು. "ಅವ್ರು ಹಬ್ಬದ ದಿನ ಸ್ನಾನ ಮಾಡಿ ಅದ ತೆಗ್ದು ಪೂಜೆಗಿಡ್ತಾರೆ. ಅಕ್ಕ ಮನೇಲವ್ಳೆ, ಚೆನ್ನಾಗವ್ಳೆ ಅಂತ್ಕೊಂಡು ಇಡ್ತಾರೆ. ಇಷ್ಟ್ ದಿನ ನಾನ್ ಬರ್ದಿದ್ದು ಅವ್ಳ ಮಾತು. ಇವತ್ತಿಂದ ಬರುದ್ರೆ ನಂದು ಸುಳ್ಳಾಯ್ತದೆ. ಬ್ಯಾಡ ಸಾರ್."

ವ್ಯಾನು ಬಂತು, ಬರಿಗೈಯಲ್ಲಿ ಹೋಯಿತು. ಸಂಜೆಯ ಹೊತ್ತಿಗೆ ಆಕೆಯನ್ನು ಮಣ್ಣು ಮಾಡಿ ಬಂದೆವು.

ಮಾರನೆಯ ದಿನ ಬೆಳಿಗ್ಗೆ ಅವರು ಹೂಟಗಳ್ಳಿಯ ಒಬ್ಬ ಹೆಣ್ಣುಮಗಳಿಗೆ ಫೋನ್ ಮಾಡಿದರು. ಆಕೆಯೂ ಇದೇ ಕೆಲಸ ಮಾಡುತ್ತಿದ್ದವರು, ಹೆಂಡತಿಯ ಪರಿಚಯದವರು. ಕೇಳಿದವರಿಗೆಲ್ಲ ತಮ್ಮ ಮನೆಯಿಂದ ಹೊಸ ಬಾಗಿನ ಕಟ್ಟಿ ಕಳಿಸುವುದಾಗಿ ಆಕೆ ಒಪ್ಪಿಕೊಂಡರು. ಆಮೇಲೆ ಇವರು ಗಿರಾಕಿಗಳ ಪಟ್ಟಿ ಹಿಡಿದು ಕೂತರು. ಪೇಜಿನಲ್ಲಿ ಬರೆಯಲು ಒಪ್ಪಲಿಲ್ಲ. ಅಲ್ಲಿ ಬರೆದರೆ ಅದು ಅಕ್ಕ ಹೇಳಿದ ಹಾಗಾಗುತ್ತದೆ, ತನ್ನ ಸಾವನ್ನು ಆಕೆಯೇ ಹೇಳಿದ ಹಾಗೆ, ಎಂದರು. ಒಬ್ಬೊಬ್ಬರಿಗೂ ಫೋನ್ ಮಾಡಿ, ಸಾವಿನ ಸುದ್ದಿಯನ್ನೂ ಇಷ್ಟು ದಿನ ಬರೆಯುತ್ತಿದ್ದವರು ತಾವೆಂಬುದನ್ನೂ ತಮ್ಮ ಬಾಯಿಂದಲೇ ಹೇಳಬೇಕೆಂದು ಹಟ ಹಿಡಿದರು. ಯಾರು ಬೇಕೆಂದರು, ಯಾರು ಬೇಡವೆಂದರು ಎಂದು ಪಟ್ಟಿಯಲ್ಲಿ ಗುರುತು ಹಾಕುವುದು ನನ್ನ ಪಾಲಿಗೆ ಬಂತು. ನಾನು ನಂಬರು ಒತ್ತಿ, ಸ್ಪೀಕರ್ ಹಾಕಿ ಅವರ ಮುಂದೆ ಇಡುತ್ತಿದ್ದೆ.

ಗಂಡಸಿನ ದನಿ ಕೇಳಿದೊಡನೆ ಎಲ್ಲರೂ ‘ಯಾರು ನೀವು?’ ಎನ್ನುತ್ತಿದ್ದರು. ಅಯ್ಯೋ ಎಂದು ಅತ್ತವರಿದ್ದರು. ಹೊಸ ಬಾಗಿನ ಹಬ್ಬದೊಳಗೆ ತಲುಪುತ್ತದೆ ತಾನೇ ಎಂದಷ್ಟೇ ಕೇಳಿದವರೂ ಇದ್ದರು. ವಯಸ್ಸಾದ ಒಬ್ಬರು, "ಪುಣ್ಯವಂತೆ ಕಣಪ್ಪ, ಮುತ್ತೈದೆಯಾಗಿ ಹೋದ್ಳು" ಎಂದರು. ಇವರು ಅದಕ್ಕೂ "ಹೂಂ ಕಣವ್ವ" ಎಂದರು. ಒಬ್ಬಾಕೆ ಮಾತ್ರ ಸಿಡಿದು ಬಿದ್ದರು. "ಹಾಗಾದ್ರೆ ಇಷ್ಟು ದಿನ ನಮ್ಮ ಮನೆ ಗುಟ್ಟೆಲ್ಲ ಒಬ್ಬ ಗಂಡಸಿನ ಹತ್ರ ಹೇಳ್ಕೊಂಡಿದ್ವಾ? ನಾಚಿಕೆ ಆಗಲ್ವಾ ನಿಮಗೆ?" ನಾನು ಬಾಯಿ ಹಾಕಲು ಹೋದೆ. ಅವರು ಕೈಯೆತ್ತಿ ನನ್ನನ್ನು ತಡೆದು, "ತಪ್ಪಾಯ್ತು ಕಣಮ್ಮ. ಕೇಳಿದ್ನೆಲ್ಲ ಇಲ್ಲೇ ಬುಡ್ತೀನಿ" ಎಂದರು. ಪೋಸ್ಟ್‌ಮ್ಯಾನಿನ ಮಾತು ತೆಗೆಯಲಿಲ್ಲ, ಲಕ್ವದ ಮಾತನ್ನೂ ಎತ್ತಲಿಲ್ಲ. ಆ ಹೆಂಗಸು ಅದೇ ದಿನ ಪೇಜಿನಲ್ಲಿ ಐದಕ್ಕೆ ಒಂದೇ ನಕ್ಷತ್ರ ಕೊಟ್ಟು ಕಟುವಾಗಿ ಬರೆದರು. ಅದನ್ನು ಓದಿ ಹೇಳಿದಾಗ, "ಅವ್ರ್ ಏಳಿದ್ರಲ್ಲೂ ನ್ಯಾಯ ಅದೆ ಸಾರ್" ಎಂದರು.

ಎರಡನೆಯ ದಿನ ಸಂಜೆಗೆ ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ನಾಗಪುರದಲ್ಲಿರುವ ಹೆಣ್ಣುಮಗಳು, ಹುಟ್ಟಿದ ಊರು ನಮ್ಮ ಕಡೆಯದೇ. ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಒಡಹುಟ್ಟಿದವರಿಲ್ಲ. ಆಕೆಯ ಓರಗಿತ್ತಿಯರಿಗೆಲ್ಲ ತವರಿನಿಂದ ಬಾಗಿನ ಬರುತ್ತದೆ. ಅದನ್ನು ನೋಡಿಕೊಂಡು ಖಾಲಿ ಕೈಯಲ್ಲಿ ಕೂರಲಾಗದೆ, ಮೂರು ವರ್ಷದಿಂದ ತನ್ನ ದುಡ್ಡಿನಲ್ಲಿ, ತನ್ನ ವಿಳಾಸಕ್ಕೆ ತಾನೇ ಬಾಗಿನ ತರಿಸಿಕೊಳ್ಳುತ್ತಿದ್ದಳು. ಈ ಗುಟ್ಟನ್ನು ಅವಳು ಹೇಳಿಕೊಂಡಿದ್ದು ಅಕ್ಕನಿಗೆ ಮಾತ್ರ. ಅಕ್ಕ ಅವಳ ಪೆಟ್ಟಿಗೆಗೆ ಕೋಡುಬಳೆಯನ್ನೂ ಹಾಕಿಸುತ್ತಿದ್ದರು. ತವರಿಂದ ಬಂದದ್ದೆಂದರೆ ತಿನ್ನುವುದಕ್ಕೆ ಏನಾದರೂ ಇರಬೇಕಲ್ಲ ಎಂದು ಆಕೆಯ ವಾದ. ಈ ಸಲ ಆ ಕೋಡುಬಳೆಯನ್ನು, ಹೆಂಡತಿ ಮಂಚದಿಂದ ಹೇಳಿದಂತೆ, ಇವರೇ ಹಿಟ್ಟು ಕಲಸಿ ಕರಿದಿದ್ದರು.

"ಇವ್ಳಿಗೆ ಎಂಗ್ ಏಳ್ಲಿ ಸಾರ್?" ಎಂದು ಒಂದು ಲೋಟ ನೀರು ಕುಡಿದರು. ಆಮೇಲೆ ತಲೆಯಾಡಿಸಿದರು. ನಾನು ನಂಬರು ಒತ್ತಿದೆ.

"ಅಮ್ಮಾ, ಮೈಸೂರಿಂದ. ಬಾಗಿನದ್ ಅಕ್ಕ ಅಂತೀರಲ್ಲ, ಅವ್ರ್ ಯಜಮಾನ ನಾನು. ಅವ್ಳು ಮೊನ್ನೆ ಬೆಳಗ್ಗೆ ತೀರ್ಕೊಂಡ್ಳು ಕಣಮ್ಮ. ಒಂದ್ ವರ್ಷದಿಂದ ಉಷಾರಿರ್ಲಿಲ್ಲ. ಬರೀತಿದ್ದೋನು ನಾನು, ಮಾತು ಅವ್ಳದೇಯ. ನಮ್ಮನೆಯಿಂದ ಬಾಗಿನ ಕಳ್ಸಂಗಿಲ್ಲ. ಹೂಟಗಳ್ಳಿಯಿಂದ ಇನ್ನೊಬ್ರು ಕಳ್ಸ್ತಾರೆ. ಕಳ್ಸೋಕ್ ಏಳ್ಲಾ, ಬ್ಯಾಡ್ವಾ?"

ಆ ಕಡೆ ಕುಕ್ಕರ್ ಕೂಗಿತು. ಯಾರೋ ಅದನ್ನು ಆರಿಸಿದರು. ಆಮೇಲೆ, "ಬೇಡ" ಎಂಬ ದನಿ ಬಂತು.

"ಆಯ್ತು ಕಣಮ್ಮ. ದುಡ್ಡು ವಾಪಸ್ ಹಾಕ್ತೀನಿ" ಎಂದರು. ನಾನು ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ಬೇಡ’ ಎಂದು ಬರೆದೆ. ಅವರು ಫೋನ್ ಇಡಲು ಬೆರಳು ಚಾಚಿದ್ದರು.

"ಎಷ್ಟು ಹೊತ್ತಿಗೆ ಹೋದ್ರು?" ಎಂದು ಕೇಳಿದಳು.

"ಬೆಳಗ್ಗೆ ಏಳು ಗಂಟೆ ಆಗಿತ್ತು."

"ಅವತ್ತು ನಾನು ತಲೆ ತುಂಬಾ ಹೂ ಮುಡ್ಕೊಂಡು ಮದುವೆ ಮನೇಲಿ ಕೂತಿದ್ದೆ. ನನ್ನ ನಂಬರ್ ಇತ್ತಲ್ಲ ನಿಮ್ಮ ಹತ್ರ? ಯಾಕೆ ಹೇಳ್ಲಿಲ್ಲ?" ದನಿ ಏರಿತ್ತು. ಬೈಗುಳವೇ ಅದು.

ಇವರು ಗಾಬರಿಯಾದರು. "ಅಲ್ಲ ಕಣಮ್ಮ, ನೀವು ಗಿರಾಕಿಗಳು... ಒಬ್ಬೊಬ್ರಿಗೇ ಮಾಡ್ಕೊಂಡ್ ಬರೋ ಹೊತ್ಗೆ..."

"ಅಕ್ಕ ಸತ್ತ ಸುದ್ದೀನ ತಂಗಿಗೆ ಎಲ್ಲಾರ್ಗಿಂತ ಕೊನೇಲಿ ಹೇಳ್ತಾರಾ ಭಾವ?"

ಅವರ ಹೆಂಡತಿಗೆ ಅಣ್ಣ ತಮ್ಮ, ಅಕ್ಕ ತಂಗಿ ಯಾರೂ ಇರಲಿಲ್ಲ. ಆ ಮನುಷ್ಯನನ್ನು ಅದುವರೆಗೆ ಭಾವ ಎಂದು ಕರೆದವರೇ ಇಲ್ಲ. ಅವರು ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಅವಳು ಅಳುತ್ತಲೇ ಮಾತಾಡಿದಳು.

"ಈ ವರ್ಷ ನಾನು ಗೌರಿ ಕೂರಿಸಲ್ಲ. ಅದಕ್ಕೇ ಬಾಗಿನ ಬೇಡ ಅಂದಿದ್ದು. ಅತ್ತೆ ಕೇಳಿದ್ರೆ ತವರಲ್ಲಿ ಸಾವಾಗಿದೆ ಅಂತ ಹೇಳ್ತೀನಿ."

ಹೆಂಡತಿಯನ್ನು ಮಣ್ಣಿಗೆ ಇಳಿಸುವಾಗಲೂ ಅಳದಿದ್ದ ಅವರು, ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು.